ಜಿಮ್ಮಿನೊಳಗೆ ವಿಡಿಯೊ ಮಾಡಲು ಬಿಡಬೇಕೆ, ಬೇಡವೆ? ಹಾಸನ, ಚಿಕ್ಕಮಗಳೂರಿನವರು ಹೇಳಿ

ಸಂಜೆ ಬ್ಯಾಚ್:
ಹಾಸನದ ಒಂದು ಜಿಮ್ಮಿಗೆ ಕೆಲವು ತಿಂಗಳಿಂದ ಹೋಗುತ್ತಿದ್ದೇನೆ. ಸಂಜೆ ಆರರ ನಂತರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಇಕ್ಕಟ್ಟಿನಲ್ಲೇ ಡಂಬೆಲ್ ಸ್ಟ್ಯಾಂಡಿನ ಮುಂದೆ ಒಬ್ಬರ ಟ್ರೈಪಾಡ್, ಕೇಬಲ್ ಯಂತ್ರದ ಪಕ್ಕದಲ್ಲಿ ನೀರಿನ ಬಾಟಲಿಗೆ ಒರಗಿಸಿಟ್ಟ ಇನ್ನೊಬ್ಬರ ಮೊಬೈಲು. ಹೋದ ವಾರ ಒಬ್ಬ ಹುಡುಗ ತಾನು ಡೆಡ್‌ಲಿಫ್ಟ್ ಮಾಡುವ ರೀಲ್ ಹಾಕಿದ. ಅವನ ಬೆನ್ನ ಹಿಂದೆ ಚಾಪೆಯ ಮೇಲೆ ಮಲಗಿ ಸೊಂಟದ ವ್ಯಾಯಾಮ ಮಾಡುತ್ತಿದ್ದವಳು ನಾನು. ರಾತ್ರಿ ಊಟದ ಹೊತ್ತಿಗೆ ಅರಸೀಕೆರೆಯ ನಮ್ಮ ದೊಡ್ಡಮ್ಮ ಅದರ ಸ್ಕ್ರೀನ್‌ಶಾಟ್ ತೆಗೆದು ಅಮ್ಮನಿಗೆ ಕಳಿಸಿದ್ದರು. ಕೆಳಗೆ "ಇದು ನಮ್ ಹುಡುಗಿನೇ ಅಲ್ವಾ?" ಎಂದು ಒಂದೇ ಸಾಲು. ಆಮೇಲೆ ಮನೆಯಲ್ಲಿ ಏನೇನು ಮಾತು ಬಂದವೆಂದು ಹೇಳುವುದು ಬೇಡ.

ಮಾಲೀಕರನ್ನು ಕೇಳಿದ್ದಕ್ಕೆ, "ಎಲ್ಲಾರೂ ಮಾಡ್ತಾರೆ ಮೇಡಂ, ನೀವೇ ವಸಿ ಆ ಕಡೆ ನಿಂತ್ಕೊಳ್ಳಿ" ಎಂದರು. ಅವರಿಗೆ ಕೊಡುವಷ್ಟೇ ಶುಲ್ಕವನ್ನು ನಾನೂ ಕೊಡುತ್ತಿರುವಾಗ ನಾನೇ ಏಕೆ ಆ ಕಡೆ ನಿಲ್ಲಬೇಕು? ಜಿಮ್ಮಿನಲ್ಲಿ ಚಿತ್ರೀಕರಣವನ್ನು ಪೂರ್ತಿ ನಿಷೇಧಿಸಬೇಕೆ, ಅಥವಾ ಏನಾದರೂ ಕಟ್ಟುಪಾಡು ಹಾಕಿ ಬಿಡಬಹುದೆ? ನಿಮ್ಮ ಜಿಮ್ಮಿನಲ್ಲಿ ಏನು ಪದ್ಧತಿಯಿದೆ?

ಹೇಮಾವತಿ ದಂಡೆ:
ಪೂರ್ತಿ ನಿಷೇಧಿಸಬೇಕು. ಚರ್ಚೆಯೇ ಬೇಕಿಲ್ಲ.

ಪ್ಲೇಟ್ ಎತ್ತುವವ:
ಚರ್ಚೆ ಬೇಕು ಸರ್. ನಾನು ಪವರ್‌ಲಿಫ್ಟಿಂಗ್ ಅಭ್ಯಾಸ ಮಾಡುತ್ತೇನೆ, ನನ್ನ ಕೋಚ್ ಇರುವುದು ಬೆಂಗಳೂರಿನಲ್ಲಿ. ಪ್ರತಿ ವಾರ ಭಾರದ ಸೆಟ್‌ಗಳ ವಿಡಿಯೊ ಕಳಿಸಿದರೆ ಮಾತ್ರ ಅವರು ಮುಂದಿನ ವಾರದ ತೂಕ ನಿಗದಿ ಮಾಡುತ್ತಾರೆ. ಸ್ಪರ್ಧೆಯಲ್ಲಿ ಸ್ಕ್ವಾಟ್ (ಬೆನ್ನ ಮೇಲೆ ಭಾರ ಹೊತ್ತು ಕುಳಿತೇಳುವುದು) ಸರಿಯೆನಿಸಿಕೊಳ್ಳಲು ತೊಡೆಯ ಬುಡದ ಮಡಿಕೆ ಮಂಡಿಯ ಮೇಲ್ಭಾಗಕ್ಕಿಂತ ಕೆಳಗಿಳಿಯಬೇಕು. ಮೂವರು ತೀರ್ಪುಗಾರರಲ್ಲಿ ಇಬ್ಬರಾದರೂ ಬಿಳಿ ದೀಪ ಕೊಡದಿದ್ದರೆ ಎತ್ತಿದ್ದೆಲ್ಲ ವ್ಯರ್ಥ. ಕೆಳಗಿಳಿದೆನೋ ಇಲ್ಲವೋ ಎಂಬುದು ಬೆನ್ನ ಮೇಲೆ ಭಾರ ಹೊತ್ತಿರುವವನಿಗೆ ಗೊತ್ತಾಗುವುದಿಲ್ಲ. ಎಲ್ಲರೂ ಕನ್ನಡಿ ನೋಡಿಕೋ ಎನ್ನುತ್ತಾರೆ, ಆದರೆ ಕನ್ನಡಿ ಇರುವುದು ಎದುರಿಗೆ, ಆಳ ಕಾಣುವುದು ಪಕ್ಕದಿಂದ. ಭಾರ ಹೊತ್ತುಕೊಂಡು ಕುತ್ತಿಗೆ ತಿರುಗಿಸಿ ಪಕ್ಕದ ಕನ್ನಡಿ ನೋಡಿದವರು ಮರುದಿನ ಕುತ್ತಿಗೆ ಹಿಡಿದುಕೊಂಡು ಓಡಾಡುತ್ತಾರೆ.

ಆದ್ದರಿಂದ ನಿಷೇಧ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಶ್ರದ್ಧೆಯಿಂದ ಕಲಿಯುವವರಿಗೆ ಅನ್ಯಾಯ. ನನ್ನ ವಿಡಿಯೊ ಹೋಗುವುದು ಒಬ್ಬರಿಗೆ, ಅವರು ನೋಡಿದ ಮೇಲೆ ಅಳಿಸಿಬಿಡುತ್ತೇನೆ. ನನ್ನನ್ನೂ ರೀಲ್ ಹಾಕುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಗರಡಿ ಮೇಷ್ಟ್ರು:
ನಾನು ಚಿಕ್ಕವನಿದ್ದಾಗ ಗರಡಿಯಲ್ಲಿ ಸಾಮು ಮಾಡಿದವನು. ಅಲ್ಲಿ ಉಸ್ತಾದರು ಬೆತ್ತ ಹಿಡಿದು ನಿಂತಿರುತ್ತಿದ್ದರು. ಬಸ್ಕಿಯಲ್ಲಿ ಮಂಡಿ ಒಳಗೆ ಬಂದರೆ ಬೆತ್ತದ ತುದಿ ಮಂಡಿಗೆ ತಾಗುತ್ತಿತ್ತು, ಅಷ್ಟರಲ್ಲಿ ತಪ್ಪು ತಿದ್ದಿಹೋಗುತ್ತಿತ್ತು. ತಿದ್ದಬೇಕಾದವನು ಎದುರಿಗಿದ್ದರೆ ಕ್ಯಾಮೆರಾ ಯಾತಕ್ಕೆ? ಈಗಿನ ಜಿಮ್ಮುಗಳು ಯಂತ್ರಕ್ಕೆ ಲಕ್ಷಾಂತರ ಸುರಿಯುತ್ತವೆ, ಟ್ರೈನರಿಗೆ ಸಂಬಳ ಕೊಡಲು ಹಿಂದುಮುಂದು ನೋಡುತ್ತವೆ. ಮೂವತ್ತು ಜನಕ್ಕೆ ಒಬ್ಬ ಹುಡುಗ, ಅವನೂ ಮೊಬೈಲ್ ನೋಡುತ್ತಾ ಕೂತಿರುತ್ತಾನೆ. ಹುಡುಗರು ವಿಡಿಯೊ ತೆಗೆಯದೆ ಇನ್ನೇನು ಮಾಡಿಯಾರು?

ಕುವೆಂಪುನಗರ:
ಮೇಷ್ಟ್ರೇ, ನಿಮ್ಮ ಮಾತಿನ ಕಡೆಯ ಭಾಗವನ್ನು ಒಪ್ಪುತ್ತೇನೆ. ಆದರೆ ಗರಡಿಯೊಳಕ್ಕೆ ಹೆಣ್ಣುಮಕ್ಕಳು ಬರುವಂತೆಯೇ ಇರಲಿಲ್ಲ, ಆದ್ದರಿಂದ ಅಲ್ಲಿ ಈ ತಕರಾರೂ ಇರಲಿಲ್ಲ.

ಗರಡಿ ಮೇಷ್ಟ್ರು:
ಅದು ನಿಜವಮ್ಮ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ರೀಲ್ಸ್ ರಾಜ:
ಎಲ್ಲರೂ ಸೇರಿ ನಮ್ಮಂಥವರನ್ನು ಕಳ್ಳರ ಹಾಗೆ ನೋಡುತ್ತಿದ್ದೀರಿ. ನಾನು ಹಾಸನದವನೇ, ಆರೋಗ್ಯ, ವ್ಯಾಯಾಮ ಕುರಿತು ಕನ್ನಡದಲ್ಲಿ ವಿಡಿಯೊ ಮಾಡುತ್ತೇನೆ. ಇಂಗ್ಲಿಷ್, ಹಿಂದಿಯಲ್ಲಿ ಸಾವಿರಾರು ಜನ ಮಾಡುತ್ತಾರೆ. ಹೊಳೆನರಸೀಪುರದ ಹಳ್ಳಿಯ ಹುಡುಗನೊಬ್ಬ ಪ್ರೋಟೀನ್ ಎಂದರೇನು, ಹುರುಳಿಕಾಳಿನಿಂದ ಎಷ್ಟು ಸಿಗುತ್ತದೆ, ಬೆಂಚ್ ಪ್ರೆಸ್‌ನಲ್ಲಿ ಭುಜವನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ತನ್ನ ಭಾಷೆಯಲ್ಲಿ ಕೇಳಬೇಕೆಂದರೆ ಯಾರಾದರೂ ಜಿಮ್ಮಿನಲ್ಲಿ ನಿಂತು ಮಾಡಲೇಬೇಕಲ್ಲ. ಎನ್.ಆರ್. ವೃತ್ತದಲ್ಲಿ ನಡೆದರೂ ನೀವು ಹತ್ತು ಸಿಸಿ ಕ್ಯಾಮೆರಾದಲ್ಲಿ ಬೀಳುತ್ತೀರಿ. ಅಲ್ಲಿ ಯಾರೂ ಅನುಮತಿ ಕೇಳುವುದಿಲ್ಲ. ನನ್ನ ವಿಡಿಯೊದಲ್ಲಿ ಹಿಂದೆ ಎರಡು ಕ್ಷಣ ಯಾರೋ ಹಾದುಹೋದರೆ ಅದೇ ದೊಡ್ಡ ಅಪರಾಧವೇ?

ಮಸಾಲೆ ಪುರಿ:
ಬೇಲೂರಿನ ದರ್ಪಣಸುಂದರಿ ಒಂಬತ್ತು ಶತಮಾನದಿಂದ ಕನ್ನಡಿ ನೋಡಿಕೊಳ್ಳುತ್ತಾ ನಿಂತಿದ್ದಾಳೆ. ಪಕ್ಕದ ಮದನಿಕೆಯನ್ನು "ಸ್ವಲ್ಪ ಆ ಕಡೆ ನಿಲ್ಲು" ಎಂದು ಒಮ್ಮೆಯೂ ಹೇಳಿಲ್ಲ. ರಾಜನಿಗೂ ಅಷ್ಟು ಸಾಕಲ್ಲವೇ?

ಕೋರ್ಟ್ ಆವರಣ:
ರೀಲ್ಸ್ ರಾಜ ಅವರಿಗೆ: ರಸ್ತೆಯೂ ಜಿಮ್ಮೂ ಒಂದೇ ಅಲ್ಲ. ಜಿಮ್ಮು ಖಾಸಗಿ ಜಾಗ. ಅದರೊಳಗೆ ಏನು ಮಾಡಬಹುದು, ಏನು ಮಾಡಬಾರದು ಎಂಬ ನಿಯಮವನ್ನು ಮಾಲೀಕ ಹಾಕಬಹುದು, ಆ ನಿಯಮವನ್ನು ಒಪ್ಪಿಯೇ ನೀವು ಸದಸ್ಯರಾಗುತ್ತೀರಿ. ಚಿತ್ರಮಂದಿರದಲ್ಲಿ ಕ್ಯಾಮೆರಾ ತೆಗೆಯಲು ಬಿಡುವುದಿಲ್ಲವೆಂದು ನೀವು ಹಕ್ಕಿನ ಪ್ರಶ್ನೆ ಎತ್ತುವುದಿಲ್ಲ ತಾನೆ.

ಕಾನೂನಿನ ಸ್ಥಿತಿಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಚರ್ಚೆಗಳಲ್ಲಿ ಇಲ್ಲದ ಕಾನೂನನ್ನು ಇದೆಯೆನ್ನುವವರೂ ಇರುವುದನ್ನು ಇಲ್ಲವೆನ್ನುವವರೂ ಸಮನಾಗಿ ಸಿಗುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು, ಖಾಸಗಿ ಸ್ಥಿತಿಯಲ್ಲಿರುವ ಹೆಣ್ಣಿನ ಚಿತ್ರ ತೆಗೆಯುವುದನ್ನೂ ಹಂಚುವುದನ್ನೂ ಅಪರಾಧವೆನ್ನುತ್ತದೆ. ಮೊದಲ ಬಾರಿಗೆ 1ರಿಂದ 3 ವರ್ಷ, ಮತ್ತೆ ಮಾಡಿದರೆ 3ರಿಂದ 7 ವರ್ಷ ಸಜೆ. ಹಿಂದೆ ಇದು ಹಳೆಯ ಭಾರತೀಯ ದಂಡ ಸಂಹಿತೆಯ 354ಸಿ ಆಗಿತ್ತು, 2013ರ ತಿದ್ದುಪಡಿಯಲ್ಲಿ ಬಂದದ್ದು. ಚಿತ್ರ ತೆಗೆಯಲು ಆಕೆ ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚಿದವನು ಅಪರಾಧಿಯೇ. ಬಟ್ಟೆ ಬದಲಿಸುವ ಕೋಣೆ, ಸ್ನಾನದ ಕೋಣೆಯಲ್ಲಿ ಯಾರಾದರೂ ಮೊಬೈಲ್ ಎತ್ತಿದರೆ ಇದು ನೇರವಾಗಿ ಅನ್ವಯಿಸುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಅನ್ವಯಿಸುತ್ತದೆ. ಒಪ್ಪಿಗೆಯಿಲ್ಲದೆ ಗುಪ್ತಾಂಗಗಳ ಚಿತ್ರ ತೆಗೆದರೆ 3 ವರ್ಷದವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಈಗ ಕೇಳಿ, ಸಮಸ್ಯೆ ಇರುವುದು ಇಲ್ಲಿ. ಮೊದಲ ಪ್ರಶ್ನೆ ಕೇಳಿದ ಸಹೋದರಿ ಮೈತುಂಬ ಬಟ್ಟೆ ತೊಟ್ಟು, ಹತ್ತು ಜನರಿರುವ ಕೋಣೆಯಲ್ಲಿ ವ್ಯಾಯಾಮ ಮಾಡುತ್ತಿದ್ದರು. ಕೆಟ್ಟ ಉದ್ದೇಶ ಸಾಬೀತಾಗದ ಹೊರತು ಮೇಲಿನ ಯಾವ ಕಲಮೂ ಆ ಹುಡುಗನನ್ನು ಮುಟ್ಟುವುದಿಲ್ಲ. ಅಂದರೆ ನಿತ್ಯ ನಡೆಯುವ ತೊಂದರೆಗೆ ಕಾನೂನಿನಲ್ಲಿ ಮದ್ದಿಲ್ಲ; ಅದನ್ನು ತಡೆಯುವ ಅಧಿಕಾರ ಇರುವುದು ಜಿಮ್ಮಿನ ಗೋಡೆಯ ಮೇಲೆ ಹಾಕುವ ಬೋರ್ಡಿಗೆ ಮಾತ್ರ.

ಸಂಜೆ ಬ್ಯಾಚ್:
ವಕೀಲರೇ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟೇ ಹೇಳಿದೆಯಲ್ಲ?

ಕೋರ್ಟ್ ಆವರಣ:
ಹೇಳಿದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯಲ್ಲೇ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ. ಆದರೆ ಆ ಹಕ್ಕನ್ನು ಮುಖ್ಯವಾಗಿ ಸರ್ಕಾರದ ಎದುರು ಚಲಾಯಿಸಬಹುದು. ಪಕ್ಕದ ಬೆಂಚಿನ ಹುಡುಗನ ಮೇಲೆ ರಿಟ್ ಹಾಕಲು ಬರುವುದಿಲ್ಲ.

ಕುವೆಂಪುನಗರ:
ರಾಜ ಅವರೇ, ಎರಡು ಕ್ಷಣ ಹಾದುಹೋದರೆ ಅಪರಾಧವೇ ಎಂದು ಕೇಳಿದ್ದೀರಿ. ಬೆಂಗಳೂರಿನ ಜಿಮ್ಮಿನಲ್ಲಿ ಹಿಂದೆ ಹಾದುಹೋದವರು ಯಾರೋ ಒಬ್ಬರು. ಹಾಸನದಲ್ಲಿ ಹಾಗಲ್ಲ. ಇಲ್ಲಿ ಅವಳು ಇಂಥ ಮೇಷ್ಟರ ಮಗಳು, ಇಂಥ ಬೀದಿಯವಳು, ಇಂಥ ಬ್ಯಾಂಕಿನಲ್ಲಿ ಕೆಲಸಕ್ಕಿರುವವಳು, ಇವಳಿಗೆ ಹೋದ ತಿಂಗಳು ತಾನೆ ಗಂಡಿನ ಕಡೆಯವರು ಬಂದು ಹೋದರು ಎಂಬಷ್ಟೂ ವಿವರ ಆ ಎರಡು ಕ್ಷಣದಲ್ಲಿ ಗುರುತು ಸಿಗುತ್ತದೆ. ನಿಮ್ಮ ರೀಲನ್ನು ಸಾವಿರ ಜನ ನೋಡಿದರೆ ಅದರಲ್ಲಿ ಮುನ್ನೂರು ಜನ ಊರಿನವರೇ. ಚಿಕ್ಕ ಊರಿನಲ್ಲಿ ಹಿನ್ನೆಲೆಯ ಮುಖ ಎಂಬುದೇ ಇಲ್ಲ, ಎಲ್ಲವೂ ಪರಿಚಯದ ಮುಖ.

ಇನ್ನೊಂದು ಮಾತು. ಒಪ್ಪಿಗೆಯಿಲ್ಲದ ವಿಡಿಯೊ ಊರಿಗೆ ಏನು ಮಾಡುತ್ತದೆ ಎಂಬುದನ್ನು ಹಾಸನದವರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ ಚುನಾವಣೆಗೆ ಮುಂಚೆ ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್ ಡ್ರೈವ್‌ಗಳು ಹಂಚಿಕೆಯಾದಾಗ, ಆ ಹೆಂಗಸರ ಮುಖವನ್ನೂ ಮರೆಮಾಡದೆ ಮೊಬೈಲಿನಿಂದ ಮೊಬೈಲಿಗೆ ದಾಟಿಸಿದವರು ನಮ್ಮ ನಿಮ್ಮಂಥ ಸಾಮಾನ್ಯರೇ. ಹಂಚುವುದೂ ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಕೆ ಕೊಡಬೇಕಾಯಿತು. ಆ ಪ್ರಕರಣಕ್ಕೂ ಜಿಮ್ಮಿನ ರೀಲಿಗೂ ಅಜಗಜಾಂತರ, ನಾನು ಎರಡನ್ನೂ ಸಮ ಮಾಡುತ್ತಿಲ್ಲ. ಆದರೆ ಆ ಬೇಸಿಗೆಯ ನಂತರ ಈ ಊರಿನ ಹೆಂಗಸರು ಮೊಬೈಲ್ ಕ್ಯಾಮೆರಾವನ್ನು ನೋಡುವ ಬಗೆಯೇ ಬೇರೆಯಾಗಿದೆ. ಅದನ್ನು ತಿಳಿದುಕೊಳ್ಳದೆ "ಇಷ್ಟಕ್ಕೆಲ್ಲಾ ಯಾಕೆ ಹೆದರುತ್ತೀರಿ" ಎನ್ನಬೇಡಿ.

ರೀಲ್ಸ್ ರಾಜ:
ಅಕ್ಕಾ, ಅದನ್ನು ಇಲ್ಲಿಗೆ ತಂದರೆ ನಾನು ಏನು ಹೇಳಿದರೂ ತಪ್ಪಾಗುತ್ತದೆ. ನಾನು ಮುಖ ಮಸುಕು ಮಾಡಿಯೇ ಹಾಕುತ್ತೇನೆ. ಎಲ್ಲರೂ ಹಾಗೆ ಮಾಡುವುದಿಲ್ಲ ಎಂಬುದು ಬೇರೆ ಮಾತು.

ಹೇಮಾವತಿ ದಂಡೆ:
ಮುಖ ಮಸುಕು ಮಾಡಿದರೂ ದೊಡ್ಡಮ್ಮನಿಗೆ ಚೂಡಿದಾರದ ಬಣ್ಣ ಗೊತ್ತಿರುತ್ತದೆ.

ಐ.ಜಿ. ರಸ್ತೆ:
ನಾನು ಚಿಕ್ಕಮಗಳೂರಿನಲ್ಲಿ ಒಂದು ಸಾಧಾರಣ ಜಿಮ್ ನಡೆಸುತ್ತೇನೆ. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಮಾಲೀಕರ ಕಡೆಯ ಮಾತನ್ನು ಯಾರಾದರೂ ಹೇಳಬೇಕಲ್ಲ. ಯಂತ್ರಗಳ ಮೇಲೆ ಬ್ಯಾಂಕಿನ ಸಾಲವಿದೆ, ಕಟ್ಟಡಕ್ಕೆ ಬಾಡಿಗೆಯಿದೆ. ಜನವರಿಯಲ್ಲಿ ಸೇರುವವರು ಮಾರ್ಚ್ ಹೊತ್ತಿಗೆ ಅರ್ಧಕ್ಕರ್ಧ ನಾಪತ್ತೆ. ಮಳೆಗಾಲದಲ್ಲಿ ನಮ್ಮ ಊರಿನ ಕಥೆ ನಿಮಗೆ ಗೊತ್ತೇ ಇದೆ, ಜಡಿಮಳೆ ಹಿಡಿದರೆ ಬೆಳಗಿನ ಬ್ಯಾಚಿಗೆ ನಾನೂ ಟ್ರೈನರೂ ಇಬ್ಬರೇ. ಇಂಥ ವ್ಯಾಪಾರದಲ್ಲಿ ಹುಡುಗರು ಹಾಕುವ ರೀಲು ನನಗೆ ಕಾಸಿಲ್ಲದ ಜಾಹೀರಾತು. "ಇಲ್ಲಿ ವಿಡಿಯೊ ಮಾಡುವಂತಿಲ್ಲ" ಎಂದರೆ ಅವರು ಮುಂದಿನ ಬೀದಿಯ ಜಿಮ್ಮಿಗೆ ಹೋಗುತ್ತಾರೆ, ಜೊತೆಗೆ ನಾಲ್ಕು ಸ್ನೇಹಿತರನ್ನೂ ಕರೆದುಕೊಂಡು ಹೋಗುತ್ತಾರೆ.

ಕುವೆಂಪುನಗರ:
ವಿಡಿಯೊ ಕಾಟಕ್ಕೆ ಜಿಮ್ ಬಿಟ್ಟ ಹೆಂಗಸರ ಲೆಕ್ಕ ಇಟ್ಟಿದ್ದೀರಾ ಸರ್? ಹುಡುಗರು ಬಿಟ್ಟು ಹೋದರೆ ಕೂಗಾಡಿ ಹೋಗುತ್ತಾರೆ. ನಾವು "ಮನೇಲಿ ಕೆಲಸ ಜಾಸ್ತಿ" ಎಂದು ಹೇಳಿ ಸುಮ್ಮನೆ ನಿಲ್ಲಿಸಿಬಿಡುತ್ತೇವೆ. ಆದ್ದರಿಂದ ಮಾಲೀಕರಿಗೆ ಕೇಳಿಸುವುದು ಅವರ ಮಾತೊಂದೇ.

ಐ.ಜಿ. ರಸ್ತೆ:
ಲೆಕ್ಕ ಇಟ್ಟಿಲ್ಲ ಮೇಡಂ. ಬೆಳಿಗ್ಗೆ ಹತ್ತರಿಂದ ಹನ್ನೆರಡು ಮಹಿಳೆಯರಿಗೆಂದೇ ಇಟ್ಟಿದ್ದೇನೆ, ಆಗ ಯಾರೂ ವಿಡಿಯೊ ಮಾಡುವುದಿಲ್ಲ.

ತೋಟದ ಮನೆ:
ಹತ್ತರಿಂದ ಹನ್ನೆರಡು! ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಆ ಹೊತ್ತಿನಲ್ಲಿ ಬಿಡುವಿರುತ್ತದೆಂದು ಯಾರು ಹೇಳಿದರು? ಪ್ರತ್ಯೇಕ ಸಮಯ ಕೊಟ್ಟೆವು ಎಂದು ಬೆನ್ನು ತಟ್ಟಿಕೊಳ್ಳುವ ಎಲ್ಲರೂ ಯಾರಿಗೂ ಬೇಡದ ಹೊತ್ತನ್ನೇ ಹುಡುಕಿ ಕೊಡುತ್ತಾರೆ.

ಕಲ್ಯಾಣಿ:
ವಿಡಿಯೊ ಹುಚ್ಚು ಜಿಮ್ಮಿಗೆ ಮಾತ್ರ ಸೀಮಿತವಲ್ಲ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾರು ಅಡ್ಡ ನಿಲ್ಲಿಸಿ ಕುಣಿಯುವವರನ್ನು ನೋಡಿದ್ದೀರಾ? ಮೊದಲು ಅವರನ್ನು ನಿಲ್ಲಿಸಬೇಕು. ಕೈಮರದ ಹತ್ತಿರ

ನಿರ್ವಾಹಕ:
ಕಲ್ಯಾಣಿಯವರ ಪ್ರತಿಕ್ರಿಯೆಯ ಉಳಿದ ಭಾಗ ಪೂರ್ತಿ ಪ್ರವಾಸಿಗರ ವಿಷಯವಾಗಿದ್ದುದರಿಂದ ಬೇರೆ ಚರ್ಚೆಗೆ ವರ್ಗಾಯಿಸಲಾಗಿದೆ. ಇಲ್ಲಿ ಜಿಮ್ಮಿನ ಮಾತು ಮುಂದುವರಿಯಲಿ.

ತೊಂಬತ್ತೆಂಟು ಕೆ.ಜಿ.:
ಇದು ಹೆಂಗಸರ ಸಮಸ್ಯೆ ಮಾತ್ರ ಎಂಬಂತೆ ಮಾತಾಡುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಗಂಡಸು, ದಪ್ಪ ಇದ್ದೇನೆ. ಟ್ರೆಡ್‌ಮಿಲ್ ಮೇಲೆ ಓಡುವಾಗ ಹೊಟ್ಟೆ ಅಲುಗುತ್ತದೆ, ಅದನ್ನು ಕಡಿಮೆ ಮಾಡಿಕೊಳ್ಳಲೆಂದೇ ಜಿಮ್ಮಿಗೆ ಹೋದದ್ದು. ಇಬ್ಬರು ಕಾಲೇಜು ಹುಡುಗರು ಹಿಂದಿನಿಂದ ವಿಡಿಯೊ ತೆಗೆದು, ಆನೆ ನಡೆಯುವ ಸಂಗೀತ ಹಾಕಿ, ತಮ್ಮ ಗುಂಪಿನಲ್ಲಿ ಬಿಟ್ಟರು. ಆ ಗುಂಪಿನಲ್ಲಿ ನನ್ನ ತಮ್ಮನ ಸ್ನೇಹಿತನೂ ಇದ್ದ. ವಕೀಲರು ಹೇಳಿದ 77ನೇ ಕಲಮಿನಲ್ಲಿ ನನಗೆ ಜಾಗವೇ ಇಲ್ಲ, 66ಇಯಲ್ಲೂ ಇಲ್ಲ. ಟ್ರೈನರಿಗೆ ಹೇಳಿದರೆ "ಹುಡುಗ್ರು ಬಿಡಿ ಸಾರ್, ತಮಾಷೆಗೆ ಮಾಡಿದಾರೆ" ಎಂದರು. ಈಗ ಬೆಳಿಗ್ಗೆ ಹಾಸನಾಂಬ ಕ್ರೀಡಾಂಗಣದಲ್ಲಿ ನಡೆಯುತ್ತೇನೆ. ಕಟ್ಟಿದ ವರ್ಷದ ಶುಲ್ಕ ಅಲ್ಲೇ ಹೋಯಿತು.

ಪ್ಲೇಟ್ ಎತ್ತುವವ:
ಅಣ್ಣಾ, ಇದನ್ನು ಓದಿ ಸಿಟ್ಟು ಬಂತು. ನೀವು ಬೆಳಿಗ್ಗೆ ಐದೂವರೆಗೆ ನಮ್ಮ ಜಿಮ್ಮಿಗೆ ಬನ್ನಿ, ಆ ಹೊತ್ತಿನಲ್ಲಿ ಭಾರ ಎತ್ತುವವರು ಮಾತ್ರ ಇರುತ್ತೇವೆ. ಯಾರೂ ಯಾರ ಹೊಟ್ಟೆಯನ್ನೂ ನೋಡುವುದಿಲ್ಲ, ನಮಗೆಲ್ಲರಿಗೂ ಹೊಟ್ಟೆ ಇದೆ.

ಓದುಗ:
ಅಣಕಿಸುವ ವಿಡಿಯೊ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಡ್ಯಾನಿ ಮ್ಯಾಥರ್ಸ್ ಎಂಬ ಮಾಡೆಲ್ 2016ರಲ್ಲಿ ಲಾಸ್ ಏಂಜಲೀಸಿನ ಜಿಮ್ಮೊಂದರ ಬಟ್ಟೆ ಬದಲಿಸುವ ಕೋಣೆಯಲ್ಲಿ 70 ವರ್ಷದ ಮಹಿಳೆಯೊಬ್ಬರ ಚಿತ್ರ ತೆಗೆದು, ಗೇಲಿ ಮಾಡಿ ಸ್ನ್ಯಾಪ್‌ಚಾಟಿನಲ್ಲಿ ಹಾಕಿದಳು. ಜಿಮ್ ಅವಳನ್ನು ಹೊರಹಾಕಿತು. ಮರುವರ್ಷ ನ್ಯಾಯಾಲಯ 30 ದಿನ ಗೋಡೆಬರಹ ಅಳಿಸುವ ಸಮುದಾಯ ಸೇವೆಯನ್ನೂ 3 ವರ್ಷಗಳ ನಿಗಾವಣೆಯನ್ನೂ ವಿಧಿಸಿತು. ಪ್ರಸಿದ್ಧಳಾಗಿದ್ದರಿಂದ ಸಿಕ್ಕಿಬಿದ್ದಳು ಎಂಬುದು ನನ್ನ ಅನಿಸಿಕೆ. ಗುಂಪಿನೊಳಗೆ ಹಂಚುವವರು ಸಿಕ್ಕಿಬೀಳುವುದೇ ಇಲ್ಲ.

ನಮ್ಮ ಕಡೆಯೂ ಒಂದು ನೆನಪಿಸುತ್ತೇನೆ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಮೆಟ್ರೊದಲ್ಲಿ ಮಹಿಳೆಯರಿಗೆ ತಿಳಿಯದಂತೆ ಅವರ ವಿಡಿಯೊ ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದ ಖಾತೆಯ ಮೇಲೆ ಪ್ರಕರಣ ದಾಖಲಾಗಿ ಆರೋಪಿಯ ಬಂಧನವಾಯಿತು. ಅಲ್ಲಿಯೂ ಎಲ್ಲರೂ ಬಟ್ಟೆ ತೊಟ್ಟೇ ಇದ್ದರು ವಕೀಲರೇ.

ಕೋರ್ಟ್ ಆವರಣ:
ಸರಿಯಾದ ಆಕ್ಷೇಪ. ಅಲ್ಲಿ ಹೆಣ್ಣುಮಕ್ಕಳನ್ನೇ ಗುರಿಯಾಗಿಟ್ಟು, ಕೀಳು ಶೀರ್ಷಿಕೆ ಕೊಟ್ಟು ಹಾಕಿದ್ದರಿಂದ ಉದ್ದೇಶ ಎದ್ದು ಕಾಣುತ್ತಿತ್ತು. ಜಿಮ್ಮಿನಲ್ಲೂ ಯಾರಾದರೂ ಒಬ್ಬಳನ್ನೇ ಹಿಂಬಾಲಿಸಿ ಚಿತ್ರೀಕರಿಸಿದರೆ ದೂರು ಕೊಡಬಹುದು. ನಾನು ಹೇಳಿದ್ದು ಹಿನ್ನೆಲೆಯಲ್ಲಿ ಆಕಸ್ಮಿಕವಾಗಿ ಬೀಳುವವರ ವಿಷಯ.

ಕಲ್ಯಾಣಿ:
ವಿಷಯಕ್ಕೆ ಮರಳಿದ್ದೇನೆ, ನಿರ್ವಾಹಕರು ಕೋಪಿಸಿಕೊಳ್ಳಬಾರದು. ದೂರು ಕೊಡುವವರು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮುಳ್ಳಯ್ಯನಗಿರಿಯ ಎತ್ತರವೂ 1930 ಮೀಟರ್, ನಮ್ಮ ಜಿಲ್ಲೆಯವರು ಮರೆಯುವ ಹಾಗೇ ಇಲ್ಲ.

ಕೋರ್ಟ್ ಆವರಣ:
ನೆನಪಿಟ್ಟುಕೊಳ್ಳುವ ಉಪಾಯ ಚೆನ್ನಾಗಿದೆ, ಆದರೆ 1930 ಮುಖ್ಯವಾಗಿ ಹಣ ಕಳೆದುಕೊಂಡವರಿಗೆಂದು ಇರುವ ಸಂಖ್ಯೆ. ಚಿತ್ರ, ವಿಡಿಯೊ ದುರ್ಬಳಕೆಗೆ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ಮಹಿಳೆಯರು, ಮಕ್ಕಳಿಗೆ ಸಂಬಂಧಿಸಿದ ಪ್ರತ್ಯೇಕ ವಿಭಾಗವಿದೆ. ಇಲ್ಲವೇ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಹೋಗುವ ಮುನ್ನ ಆ ಪೋಸ್ಟಿನ ಕೊಂಡಿಯನ್ನೂ ದಿನಾಂಕ ಕಾಣುವ ಸ್ಕ್ರೀನ್‌ಶಾಟನ್ನೂ ಇಟ್ಟುಕೊಳ್ಳಿ. ಸಿಟ್ಟಿನಲ್ಲಿ "ಮೊದಲು ಡಿಲೀಟ್ ಮಾಡು" ಎಂದು ಗದರಿಸಿ ಸಾಕ್ಷ್ಯವನ್ನೇ ಕಳೆದುಕೊಂಡು ಬರುವವರು ಬಹಳ.

ಫಿಸಿಯೊ:
ಹುಡುಗರ ಮೊಬೈಲನ್ನೇ ಹಿಡಿದು ಜಗ್ಗಾಡುತ್ತಿದ್ದೀರಿ, ಜಿಮ್ಮಿನವರ ಕ್ಯಾಮೆರಾದ ಮಾತೇ ಬಂದಿಲ್ಲ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ಟಿವಿಯಲ್ಲಿ ದಿನವಿಡೀ ಓಡುತ್ತಿದ್ದಾಗ, ಯಾವುದೋ ಊರಿನ ಜಿಮ್ಮಿನಲ್ಲಿ ಕುಸಿದು ಬಿದ್ದವರ ಸಿಸಿ ಕ್ಯಾಮೆರಾ ದೃಶ್ಯ "ನಮ್ ಹಾಸನದ್ದೇ" ಎಂಬ ಒಕ್ಕಣೆಯೊಂದಿಗೆ ನನ್ನ ಮೊಬೈಲಿಗೆ ಬಂತು. ಕಳಿಸಿದವರು ನನ್ನ ಬಳಿ ಮಂಡಿನೋವಿಗೆ ಬರುವ ಹಿರಿಯರು. ಅದನ್ನು ನೋಡಿ ಅವರು ನಡಿಗೆಯನ್ನೂ ನಿಲ್ಲಿಸಿದ್ದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ, ಸಾವುಗಳಲ್ಲಿ ಅಸಹಜ ಏರಿಕೆ ಕಂಡಿಲ್ಲವೆಂದು ವರದಿ ಕೊಟ್ಟ ಸುದ್ದಿ ಮಾತ್ರ ಅವರಿಗೆ ಯಾರೂ ಫಾರ್ವರ್ಡ್ ಮಾಡಿರಲಿಲ್ಲ. ಸಾಯುವ ಮನುಷ್ಯನ ಕೊನೆಯ ಗಳಿಗೆ ಸಿಸಿ ಕ್ಯಾಮೆರಾದ ಪೆಟ್ಟಿಗೆಯಿಂದ ಹೊರಬಿದ್ದದ್ದು ಹೇಗೆ? ಯಾರೋ ಮಾಲೀಕನೋ ಕೆಲಸಗಾರನೋ ಪರದೆಗೆ ಮೊಬೈಲ್ ಹಿಡಿದು ತೆಗೆದು ಕಳಿಸಿದ್ದರಿಂದ ತಾನೆ?

ಅಂದಹಾಗೆ, ಶಸ್ತ್ರಚಿಕಿತ್ಸೆಯ ನಂತರ ಮಂಡಿ, ಭುಜದ ವ್ಯಾಯಾಮ ಮಾಡುವವರಿಗೆ ನಾನೇ ವಿಡಿಯೊ ಕಳಿಸಲು ಹೇಳುತ್ತೇನೆ. ಸಕಲೇಶಪುರದಿಂದ ವಾರಕ್ಕೆರಡು ಸಲ ಬಸ್ಸು ಹತ್ತಿ ಬರುವುದಕ್ಕಿಂತ ಅದು ಮೇಲು. ಆದ್ದರಿಂದ ಪೂರ್ತಿ ನಿಷೇಧವನ್ನು ನಾನೂ ಒಪ್ಪುವುದಿಲ್ಲ.

ಐ.ಜಿ. ರಸ್ತೆ:
ಸಿಸಿ ಕ್ಯಾಮೆರಾ ನಾವು ಇಷ್ಟಪಟ್ಟು ಹಾಕಿದ್ದಲ್ಲ. ಜನ ಹೆಚ್ಚು ಸೇರುವ ಜಾಗಗಳಲ್ಲಿ ಕ್ಯಾಮೆರಾ ಇಟ್ಟು 30 ದಿನದ ದೃಶ್ಯ ಉಳಿಸಿಕೊಳ್ಳಬೇಕೆಂದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೇ ಹೇಳುತ್ತದೆ. ಚಿನ್ನದ ಸರ, ಮೊಬೈಲ್ ಕಳೆದಾಗ ಮೊದಲು "ಕ್ಯಾಮೆರಾ ತೋರಿಸಿ" ಎನ್ನುವವರೂ ಸದಸ್ಯರೇ.

ಫಿಸಿಯೊ:
ಇಡಬೇಡಿ ಎಂದವರು ಯಾರು? ಅದರ ಪಾಸ್‌ವರ್ಡ್ ಎಷ್ಟು ಜನರ ಕೈಯಲ್ಲಿದೆ ಎಂಬುದನ್ನು ಹೇಳಿ.

ಐ.ಜಿ. ರಸ್ತೆ:
ನನ್ನ ಬಳಿ, ಟ್ರೈನರ್ ಬಳಿ, ಕ್ಯಾಮೆರಾ ಹಾಕಿಕೊಟ್ಟವರ ಬಳಿ. ನಾಳೆಯೇ ಬದಲಾಯಿಸುತ್ತೇನೆ.

ತೋಟದ ಮನೆ:
ಜಿಮ್ಮಿನವರ ಇನ್‌ಸ್ಟಾಗ್ರಾಂ ಪುಟವನ್ನು ಮರೆಯಬೇಡಿ. ನನ್ನ ಪ್ರಕಾರ ಹುಡುಗರಿಗಿಂತ ದೊಡ್ಡ ತೊಂದರೆ ಅದೇ. ಸೇರುವ ದಿನ ತೂಕ ನೋಡುವ ನೆಪದಲ್ಲಿ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೊ ತೆಗೆಯುತ್ತಾರೆ. ನಮ್ಮ ಅತ್ತಿಗೆಯ "ಮೊದಲು ಮತ್ತು ನಂತರ" ಚಿತ್ರ ಅವರಿಗೇ ಗೊತ್ತಿಲ್ಲದೆ ಪುಟದಲ್ಲಿ ಬಂದಿತ್ತು, ತೂಕ ಎಷ್ಟಿತ್ತು, ಎಷ್ಟಾಯಿತು ಎಂಬ ಅಂಕಿಗಳ ಸಮೇತ. ಕೇಳಿದರೆ ಅರ್ಜಿಯ ಹಿಂಬದಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದ ಇಂಗ್ಲಿಷ್ ಸಾಲೊಂದನ್ನು ತೋರಿಸಿ, ನೀವೇ ಸಹಿ ಹಾಕಿದ್ದೀರಲ್ಲ ಎಂದರು. ನಿಯಮ ಹಾಕಬೇಕಾದವನೇ ಕ್ಯಾಮೆರಾ ಹಿಡಿದು ನಿಂತಿದ್ದರೆ ಸದಸ್ಯರಿಗೆ ಬುದ್ಧಿ ಹೇಳುವ ಬಾಯಿ ಅವನಿಗೆಲ್ಲಿದೆ?

ಕೋರ್ಟ್ ಆವರಣ:
ಇಲ್ಲಿ ಕಾನೂನು ಸ್ವಲ್ಪ ಕೈಹಿಡಿಯುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಯಿತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು 18 ತಿಂಗಳ ಗಡುವಿದೆ. ಗುರುತು ಸಿಗುವ ವ್ಯಕ್ತಿಯ ಡಿಜಿಟಲ್ ಚಿತ್ರ ವೈಯಕ್ತಿಕ ದತ್ತಾಂಶವೇ. ವ್ಯಾಪಾರಕ್ಕೆಂದು ಅದನ್ನು ಬಳಸುವ ಜಿಮ್, ಯಾವ ಕೆಲಸಕ್ಕೆ ಎಂದು ಸ್ಪಷ್ಟವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು, ಆ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆಯನ್ನೂ ಕೊಡಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕೂ ಇದೆ. ಸದಸ್ಯನೊಬ್ಬ ತನ್ನ ಸ್ವಂತಕ್ಕೆ, ಮನೆಮಟ್ಟಿಗೆ ತೆಗೆದುಕೊಳ್ಳುವ ವಿಡಿಯೊಗೆ ಮಾತ್ರ ಈ ಕಾಯ್ದೆ ಅನ್ವಯಿಸುವುದಿಲ್ಲ.

ಗರಡಿ ಮೇಷ್ಟ್ರು:
ಅಂದರೆ ಕೋಚಿಗೆ ಕಳಿಸುವವನು ನಿರಾಳ, ಅಂಗಡಿಯವನು ಸಿಕ್ಕಿಬಿದ್ದ. ಚೆನ್ನಾಗಿದೆ.

ರೀಲ್ಸ್ ರಾಜ:
ನನ್ನ ಸ್ಥಿತಿ ಮಧ್ಯದಲ್ಲಿ ತೂಗಾಡುತ್ತಿದೆ. ಸರಿ, ನಿಷೇಧ ಬೇಡ, ಕಟ್ಟುಪಾಡು ಇರಲಿ ಎಂದಾದರೆ ಏನು ಮಾಡಬೇಕೆಂದು ಹೇಳಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಜಿಮ್ಮು ಖಾಲಿ ಹೊಡೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಮಾತ್ರ ಪ್ರಕಟಣೆಗೆಂದು ವಿಡಿಯೊ ಮಾಡುವುದಾದರೆ ನನ್ನ ಅಭ್ಯಂತರವಿಲ್ಲ. ಬೆಳಕೂ ಚೆನ್ನಾಗಿರುತ್ತದೆ.

ಪ್ಲೇಟ್ ಎತ್ತುವವ:
ನನಗೆ ಆ ಸಮಯ ಆಗುವುದಿಲ್ಲ, ಕೆಲಸಕ್ಕೆ ಹೋಗುತ್ತೇನೆ. ಬೇರೆ ದಾರಿಯಿದೆ. ಸ್ಕ್ವಾಟ್ ರ‍್ಯಾಕನ್ನು ಮೂಲೆಗೆ ತಂದು, ಕ್ಯಾಮೆರಾ ಗೋಡೆಯ ಕಡೆಗೆ ಮುಖ ಮಾಡುವಂತೆ ಜಾಗ ಗುರುತಿಸಿದರೆ ಹಿಂದೆ ಗೋಡೆ ಬಿಟ್ಟು ಯಾರೂ ಬೀಳುವುದಿಲ್ಲ. ಟ್ರೈಪಾಡ್ ಬೇಡ, ಸೊಂಟದ ಎತ್ತರದ ಸ್ಟೂಲ್ ಸಾಕು, ನಡೆಯುವವರ ಕಾಲಿಗೂ ತೊಡರುವುದಿಲ್ಲ. ಒಂದು ಸೆಟ್, ಒಂದು ವಿಡಿಯೊ, ಆಮೇಲೆ ಮೊಬೈಲ್ ಜೇಬಿಗೆ.

ಹೇಮಾವತಿ ದಂಡೆ:
ಗೋಡೆಯ ತುಂಬಾ ಕನ್ನಡಿ ಇದ್ದರೆ? ಗೋಡೆಯ ಕಡೆ ತಿರುಗಿಸಿದಷ್ಟೂ ಇಡೀ ಜಿಮ್ಮೇ ಅದರಲ್ಲಿ ಕಾಣುತ್ತದೆ.

ಪ್ಲೇಟ್ ಎತ್ತುವವ:
ಕನ್ನಡಿಯಿಲ್ಲದ ಗೋಡೆ ಎಂದು ಸೇರಿಸಿಕೊಳ್ಳಿ. ಭಾರ ಎತ್ತುವವನಿಗೆ ಕನ್ನಡಿ ಬೇಡ ಎಂದು ಮೊದಲೇ ಹೇಳಿದೆನಲ್ಲ.

ತೊಂಬತ್ತೆಂಟು ಕೆ.ಜಿ.:
ಮೂಲೆ, ಸಮಯ ಎಲ್ಲ ಸರಿ. ನಿಯಮ ಮುರಿದವನಿಗೆ ಏನು? ಬೋರ್ಡ್ ಹಾಕಿ ಸುಮ್ಮನಾದರೆ "ಇಲ್ಲಿ ಉಗುಳಬಾರದು" ಎಂಬ ಬೋರ್ಡಿಗೆ ಆದ ಗತಿಯೇ ಇದಕ್ಕೂ ಆಗುತ್ತದೆ. ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಸದಸ್ಯತ್ವ ರದ್ದು, ಶುಲ್ಕ ವಾಪಸಿಲ್ಲ ಎಂದು ಅರ್ಜಿಯಲ್ಲೇ ಬರೆಸಿಕೊಳ್ಳಬೇಕು. ತಮಾಷೆಗೆ ಮಾಡಿದೆ ಎಂಬುದನ್ನು ಕಾರಣವೆಂದು ಒಪ್ಪಬಾರದು.

ಕುವೆಂಪುನಗರ:
ಅದರ ಜೊತೆಗೆ, ದೂರು ಕೊಡುವವರು ಟ್ರೈನರ್ ಹುಡುಗನ ಮುಂದೆ ಎಲ್ಲರಿಗೂ ಕೇಳುವಂತೆ ನಿಂತು ಹೇಳಬೇಕಾದ ಸ್ಥಿತಿ ಇರಬಾರದು. ಮಾಲೀಕರ ಸಂಖ್ಯೆಗೆ ಒಂದು ಸಂದೇಶ ಹಾಕಿದರೆ ಸಾಕು ಎಂದಿರಲಿ. ಹೆಸರು ಹೊರಗೆ ಬಂದರೆ ಮತ್ತೆ ಅದೇ ದೊಡ್ಡಮ್ಮಂದಿರ ಬಾಯಿಗೆ ಬೀಳುತ್ತೇವೆ.

ಐ.ಜಿ. ರಸ್ತೆ:
ಬರೆದುಕೊಂಡೆ. ಬಟ್ಟೆ ಬದಲಿಸುವ ಕೋಣೆಯ ಬಾಗಿಲಿನಿಂದ ಒಳಗೆ ಮೊಬೈಲ್ ಕೈಯಲ್ಲಿರಬಾರದು. ಸಂಜೆ ಐದರಿಂದ ಒಂಬತ್ತರವರೆಗೆ ಪ್ರಕಟಣೆಗೆ ವಿಡಿಯೊ ಇಲ್ಲ. ಅಭ್ಯಾಸ ನೋಡಿಕೊಳ್ಳಲು ಮೂಲೆಯ ರ‍್ಯಾಕಿನಲ್ಲಿ ಮಾತ್ರ. ಸದಸ್ಯರು ತಗಾದೆ ತೆಗೆದರೆ ಈ ಚರ್ಚೆಯನ್ನೇ ತೋರಿಸುತ್ತೇನೆ. ವಕೀಲರೇ, ನನ್ನಲ್ಲಿ ಪಿಯುಸಿ ಹುಡುಗರು ಬಹಳ ಜನ ಇದ್ದಾರೆ, ಹದಿನಾರು, ಹದಿನೇಳರವರು. ಪುಟದಲ್ಲಿ ಅವರ ಚಿತ್ರ ಹಾಕಲು ಅವರದೇ ಸಹಿ ಸಾಕೆ?

ಕೋರ್ಟ್ ಆವರಣ:
ಸಾಲದು. ಆ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ತಂದೆತಾಯಿಯ ಒಪ್ಪಿಗೆ ಬೇಕು, ಅದು ನಿಜವಾಗಿ ಅವರದೇ ಎಂದು ಖಚಿತಪಡಿಸಿಕೊಳ್ಳುವ ಹೊಣೆ ನಿಮ್ಮದು. ಹುಡುಗರು ಅಪ್ಪನ ಸಹಿಯನ್ನು ಅಂಕಪಟ್ಟಿಗೆ ಹಾಕಿಯೇ ಪಳಗಿರುತ್ತಾರೆ, ನೋಡಿಕೊಳ್ಳಿ. ಈಗಾಗಲೇ ಪುಟದಲ್ಲಿರುವ ಅವರ ಚಿತ್ರಗಳನ್ನು ತೆಗೆದುಬಿಡುವುದೇ ಕ್ಷೇಮ.

ಐ.ಜಿ. ರಸ್ತೆ:
ತೆಗೆದರೆ ಪುಟದಲ್ಲಿ ಉಳಿಯುವುದು ನನ್ನ ಫೋಟೊ ಒಂದೇ.

ಮಸಾಲೆ ಪುರಿ:
ಹಾಕಿ ಸರ್, ನಾವು ಲೈಕ್ ಮಾಡುತ್ತೇವೆ.